ಫೋಟೊಗೆ ಹಾರ ಹಾಕುವ ಮುನ್ನ

“ಅಲ್ಲ ಸುಮಾ, ಇಷ್ಟು ಜನ ಹೆಂಗಸ್ರು ಫೋಟೊ ಸಿಕ್ಕಿಸ್ಕಂಡು ನಿಂತವ್ರೆ, ಒಂದಕ್ಕೂ ಹಾರ ಇಲ್ವಲ್ಲ. ಅವರೂರಲ್ಲಿ ಹೂವು ಬೆಳೆಯಕಿಲ್ವಾ?”

ಕೇಳಿದ್ದು ನಮ್ಮತ್ತೆ. ಈಚೆಗೆ ಒಂದು ಶನಿವಾರ ಮಧ್ಯಾಹ್ನ, ಸದಾಶಿವನಗರದ ನಮ್ಮ ಮನೆಯ ಹಾಲ್‌ನಲ್ಲಿ. ಮಡಿಲಲ್ಲಿ ಬೀನ್ಸ್ ಬುಟ್ಟಿ, ಕಣ್ಣು ಟಿವಿಯ ಮೇಲೆ. ಟಿವಿಯಲ್ಲಿ ಕಡಲಾಚೆಯ ಒಂದು ದೇಶದ ಸಿನಿಮಾ. ಅಲ್ಲಿ ಮಿಲಿಟರಿಯವರು ಸರ್ಕಾರ ಕಿತ್ತುಕೊಂಡಿದ್ದಾರೆ. ಒಂದು ದೊಡ್ಡ ಕಬ್ಬಿಣದ ಗೇಟಿನ ಮುಂದೆ ಹೆಂಗಸರು ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರ ಸ್ವೆಟರ್‌ಗೂ ಒಂದೊಂದು ಫೋಟೊ ಪಿನ್ ಮಾಡಿದೆ. ಮಗನದು, ಗಂಡನದು, ತಮ್ಮನದು.

ಅತ್ತೆಯ ಪ್ರಶ್ನೆಯಲ್ಲಿ ತಪ್ಪೇನಿದೆ ಹೇಳಿ? ನಮ್ಮ ಕಡೆ ಫೋಟೊ ಕೈಗೆ ಬರುವುದು ಎರಡೇ ಸಲ. ಮದುವೆಗೆ ಹೆಣ್ಣು ಗಂಡು ನೋಡುವಾಗ ಒಮ್ಮೆ. ಮನುಷ್ಯ ಹೋದ ಮೇಲೆ ಇನ್ನೊಮ್ಮೆ. ಎರಡನೆಯ ಫೋಟೊಗೆ ಹಾರ ಬಿದ್ದೇ ಬೀಳುತ್ತದೆ.

ನಾನು ಉತ್ತರ ಹುಡುಕುವ ಮೊದಲೇ ದಿವಾನದ ತುದಿಯಲ್ಲಿ ಕೂತಿದ್ದ ಯಶೋದ ಹೇಳಿದಳು.

“ಸತ್ತವ್ರೆ ಅಂತ ಅವ್ರಿಗೆ ಯಾರೂ ಹೇಳಿಲ್ವಲ್ಲ ದೊಡ್ಡತ್ತೆ. ಅದಕ್ಕೇ ಹಾಕಿಲ್ಲ.”

ಬೀನ್ಸ್ ಮುರಿಯುವ ಸದ್ದು ನಿಂತಿತು. ನಾನು ರಿಮೋಟ್ ತಗೊಂಡು ಪಾಜ್ ಒತ್ತಿ ಸಿನಿಮಾ ನಿಲ್ಲಿಸಿದೆ.

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು.

ಹೋದ ವರ್ಷ ಹಿತ್ತಲ ಮೆಟ್ಟಿಲಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದೆನಲ್ಲ (ಈ ಅಂಕಣ ಓದುವವರಿಗೆ ಆ ಕಾಲಿನ ಕಥೆ ಕೇಳಿ ಕೇಳಿ ಬೇಸರ ಬಂದಿರಬಹುದು), ಆಗ ಹತ್ತಿದ ಚಟ ಇದು. ಏನೋ ಹುಡುಕಲು ಹೋಗಿ, ಯಾವುದೋ ಭಾಷೆಯ ಒಂದು ಸಿನಿಮಾ ಸಿಕ್ಕಿತು. ಮಿಲಿಟರಿ ಆಳ್ವಿಕೆಯ ಕಾಲದ ಒಂದು ಸಂಸಾರದ ಕಥೆ. ಅದನ್ನು ನೋಡಿದೆ. ಮುಗಿದ ಮೇಲೆ ಅಂಥದ್ದೇ ಇನ್ನೊಂದು. ಆಮೇಲೆ ಮತ್ತೊಂದು.

ಜಿರಳೆಗೆ ಪೊರಕೆ ಎತ್ತಿದರೂ ಕಣ್ಣು ಮುಚ್ಚಿಕೊಳ್ಳುವವಳು ನಾನು. ನನಗ್ಯಾಕೆ ಇಂಥ ಸಿನಿಮಾ? ನಮ್ಮ ಮನೆಯವರು ಇವತ್ತಿಗೂ ಕೇಳುತ್ತಾರೆ.

ಕಾರಣ ಇಷ್ಟೇ. ಒಳ್ಳೆಯ ಸಿನಿಮಾಗಳಲ್ಲಿ ಬಂದೂಕು ಬಹಳ ಕಾಣುವುದಿಲ್ಲ. ಕಾಣುವುದು ಅಡುಗೆಮನೆ. ಗಂಡ ಹೆಂಡತಿ ಒಂದು ಮಾತಾಡಬೇಕಾದರೆ ಮೊದಲು ಸಿಂಕಿನ ನಲ್ಲಿ ತಿರುಗಿಸುತ್ತಾರೆ, ಗೋಡೆಯಾಚೆ ಕೇಳಿಸದಿರಲಿ ಎಂದು. ದಿನಾ ಎರಡು ಬ್ರೆಡ್ಡು ಕೊಳ್ಳುವವಳು ಒಂದು ದಿನ ಮೂರು ಕೊಂಡರೆ ಅಂಗಡಿಯವನು ತಲೆಯೆತ್ತಿ ನೋಡುತ್ತಾನೆ. ಮನೆಯಲ್ಲಿ ಇನ್ನೊಂದು ಬಾಯಿ ಯಾವುದು? ಅವಳು ಮಾರನೆಯ ದಿನದಿಂದ ತಾನು ಉಪವಾಸ ಇದ್ದು ಎರಡೇ ಕೊಳ್ಳುತ್ತಾಳೆ. ಅಡಗಿಸಿಟ್ಟವನು ಉಳಿಯುತ್ತಾನೆ. ಪ್ರತಿಭಟನೆ ಎಂದರೆ ಕೈಯಲ್ಲಿ ಬಾವುಟ, ಬಾಯಲ್ಲಿ ಘೋಷಣೆ ಎಂದುಕೊಂಡಿದ್ದ ನನಗೆ, ಅದು ಹೊಟ್ಟೆಗೆ ಒದ್ದೆಬಟ್ಟೆ ಕಟ್ಟಿಕೊಂಡು ಕೊಂಡ ಎರಡು ಬ್ರೆಡ್ಡೂ ಆಗಬಹುದು ಎಂದು ಗೊತ್ತಾಗಿದ್ದು ಹಾಗೆ.

ಅತ್ತೆ ಮೊದಮೊದಲು ಟಿವಿ ಕಡೆ ಬೆನ್ನು ಮಾಡಿ ಕೂರುತ್ತಿದ್ದರು. ಆಮೇಲೆ ಪಕ್ಕಕ್ಕೆ ತಿರುಗಿದರು. ಆಮೇಲೆ ಪೂರ್ತಿ. “ಏನಂತೆ ಅವಳು?” “ಅವನ್ಯಾರು?” “ಯಾಕೆ ಓಡ್ತಾವ್ನೆ?” ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಸಬ್‌ಟೈಟಲ್ ಓದಿ ಕನ್ನಡದಲ್ಲಿ ಹೇಳುವ ಕೆಲಸ ನನ್ನ ತಲೆಗೆ ಬಂತು. ಕಾನ್ವೆಂಟಿನ ರೀಡಿಂಗ್ ಕ್ಲಾಸಿನಲ್ಲಿ ಸಿಸ್ಟರ್ ಕೊನೆಯ ಬೆಂಚಿಗೆ ಕೇಳುವಂತೆ ಓದಿಸುತ್ತಿದ್ದರು. ಅದು ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು ನೋಡಿ. ಗಂಡಸು, ಹೆಂಗಸು, ಮಗು, ಮುದುಕ ಎಲ್ಲ ನಾನೇ.

ಒಂದು ತೊಂದರೆ ಇದೆ. ಕಾನ್ವೆಂಟಿನ ಬಾಯಿ ಅಲ್ಲವೇ, ನನಗೆ ಗದರಲು ಬರುವುದಿಲ್ಲ. ನನ್ನ ಬಾಯಲ್ಲಿ ಕರ್ನಲ್‌ಗಳೂ “ದಯವಿಟ್ಟು ಕೂತ್ಕೊಳ್ಳಿ, ನಿಮ್ಮ ಹೆಸರು ಹೇಳಿ” ಎನ್ನುತ್ತಾರೆ.

“ಇವನ್ಯಾಕೆ ಬೀಗರ ಥರ ಮಾತಾಡ್ತಾನೆ?” ಎಂದು ಅತ್ತೆಗೆ ಅನುಮಾನ. “ಆ ಮೂತಿಗೂ ಈ ಮಾತಿಗೂ ಹೊಂದ್ತಿಲ್ಲ ಕಣವ್ವ. ಸರ್ಯಾಗಿ ಬೈಯಿ.”

ಹೀಗೆ ನಮ್ಮ ಮನೆಯಲ್ಲಿ ಶನಿವಾರ ಮಧ್ಯಾಹ್ನ ಸಿನಿಮಾ. ಆ ಶನಿವಾರ ಯಶೋದ ಬಂದಿದ್ದು ಸಿನಿಮಾಕ್ಕಲ್ಲ.

ಯಶೋದ ನನಗೆ ಓರಗಿತ್ತಿ ಆಗಬೇಕು. ನಮ್ಮ ಮಾವನವರ ತಮ್ಮನ ಸೊಸೆ. ಊರು ಕುಣಿಗಲ್ ತಾಲ್ಲೂಕಿನ ಅಮೃತೂರು. ಅಲ್ಲೇ ಅಂಗನವಾಡಿಯಲ್ಲಿ ಟೀಚರ್. ಮಕ್ಕಳಿಲ್ಲ. ಗಂಡ ಶಿವಣ್ಣ ಒಂಬತ್ತು ವರ್ಷದ ಹಿಂದೆ ಬೆಳಗ್ಗೆ ತಿಂಡಿ ತಿಂದು, “ಮಾರ್ಕೋನಹಳ್ಳಿ ಕಡೆ ಹೋಗಿ ಬತ್ತೀನಿ” ಎಂದು ಮೋಟಾರ್ ಬೈಕ್ ಹತ್ತಿ ಹೋದವನು ಬರಲಿಲ್ಲ. ಬೈಕ್ ಕಾಲುವೆ ಏರಿಯ ಮೇಲೆ ಸಿಕ್ಕಿತು. ಕಾಲುವೆ ಹುಡುಕಿದರು, ಕೆರೆ ಹುಡುಕಿದರು, ಆಸ್ಪತ್ರೆ, ಮಠ, ಬಸ್‌ಸ್ಟ್ಯಾಂಡು ಎಲ್ಲ ಹುಡುಕಿದರು. ಏನೂ ಸಿಗಲಿಲ್ಲ. ಊರು “ಮುಳುಗೋದ” ಎಂದು ತೀರ್ಮಾನಕ್ಕೆ ಬಂತು.

ಆ ತೀರ್ಮಾನಕ್ಕೆ ಯಶೋದ ಬರಲಿಲ್ಲ. ಅವಳದು ಒಂದೇ ಮಾತು. “ಗಾಡಿಗೆ ಬೀಗ ಹಾಕಿತ್ತು. ಕೀ ಇರ್ಲಿಲ್ಲ. ಸಾಯಕ್ಕೆ ಹೋಗೋರು ಗಾಡಿ ಬೀಗ ಹಾಕ್ಕೊಂಡು ಕೀ ಜೇಬಿಗಿಟ್ಕೊಂಡು ಹೋಗ್ತಾರಾ?”

ಕಾಲು ಜಾರಿರಬಹುದಲ್ಲ? ಇರಬಹುದು. ಅದನ್ನು ಅವಳೂ ಬಲ್ಲಳು. ಇರಬಹುದು ಎನ್ನುವುದಕ್ಕೂ ಹೌದು ಎನ್ನುವುದಕ್ಕೂ ನಡುವೆ ಇರುವ ಜಾಗದಲ್ಲೇ ಅವಳು ಇಷ್ಟು ವರ್ಷ ಬದುಕಿದ್ದಾಳೆ. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಗಾಜಿನ ಬಳೆ, ಕೊರಳಲ್ಲಿ ತಾಳಿ. ಯಾವುದನ್ನೂ ತೆಗೆದಿಲ್ಲ.

ನಮ್ಮ ಜನಕ್ಕೆ ಇದು ಬಹಳ ಕಷ್ಟದ ವಿಷಯ. ಯಾವ ಸಮಾರಂಭದಲ್ಲಾದರೂ ನೋಡಿ. ಅರಿಶಿನ ಕುಂಕುಮದ ತಟ್ಟೆ ಹಿಡಿದವರು ಸಾಲಾಗಿ ಕೊಡುತ್ತಾ ಬರುತ್ತಾರೆ. ಯಶೋದಳ ಮುಂದೆ ತಟ್ಟೆ ಅರೆಕ್ಷಣ ನಿಲ್ಲುತ್ತದೆ. ಕೊಡಬೇಕೋ, ಮುಂದೆ ಹೋಗಬೇಕೋ? ಹಿಡಿದವರು ಪಕ್ಕದವರ ಮುಖ ನೋಡುತ್ತಾರೆ. ಪಕ್ಕದವರು ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಾರೆ. ಅಷ್ಟರಲ್ಲಿ ಯಶೋದಳೇ ಕೈ ಚಾಚಿ ತಟ್ಟೆಯಿಂದ ತಾನೇ ತೆಗೆದು ಹಚ್ಚಿಕೊಳ್ಳುತ್ತಾಳೆ. (ಗಂಡ ಸತ್ತವರಿಗೆ ಯಾಕೆ ಕೊಡಬಾರದು ಎನ್ನುವುದು ಬೇರೆಯದೇ ಜಗಳ. ಅದನ್ನೂ ಆಡೋಣ.)

ಈಗ ಶಿವಣ್ಣನ ತಮ್ಮ ಕುಮಾರನ ಮಗಳ ಮದುವೆ. ಗಂಡಿನ ಕಡೆಯವರು ಗುಬ್ಬಿಯವರು. ದೀಪಾವಳಿ ಆದ ಮೇಲೆ ಗುಬ್ಬಿಯಲ್ಲೇ ಛತ್ರ. ಅದಕ್ಕೆ ಮೊದಲು ಈ ಗೊಂದಲ ಮುಗಿಸಿಬಿಡಬೇಕೆಂದು ಕುಮಾರ ನಿರ್ಧರಿಸಿದ್ದ. ಪಿತೃಪಕ್ಷ ನಡೆಯುತ್ತಿತ್ತು. ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವಾಗ ಅಣ್ಣನ ಫೋಟೊವನ್ನೂ ಸಾಲಿನಲ್ಲಿಟ್ಟು, ಹಾರ ಹಾಕಿ, ಎಲೆ ಬಡಿಸಿ, ಹೊಸ ಬಟ್ಟೆ ಇಟ್ಟುಬಿಡುವುದು. ಅಷ್ಟಾದರೆ ಶಿವಣ್ಣ ಸತ್ತ ಹಾಗೆ. ಯಶೋದಳ ಕುಂಕುಮದ ಪ್ರಶ್ನೆಯೂ ಮುಗಿದ ಹಾಗೆ.

ಇದನ್ನು ತಡೆಯಲು ನಮ್ಮ ಮನೆಯವರಾದರೂ ಒಂದು ಮಾತು ಹೇಳಲಿ ಎಂದು ಕೇಳಲು ಯಶೋದ ಬಸ್ ಹತ್ತಿ ಬಂದಿದ್ದಳು. ವಂಶದ ಗಂಡಸರಲ್ಲಿ ಹಿರಿಯರು ಇವರೇ ಅಲ್ಲವೇ.

ಇವರು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಬನಿಯನ್ನಿನ ಅಂಚಿಗೆ ಒರೆಸಿದರು.

“ನೋಡೋಣ ಯಶೋದ. ಕುಮಾರ ಕೆಟ್ಟವನಲ್ಲ. ಮನೆಯವರೆಲ್ಲ ಸೇರಿ ಒಪ್ಪಿದ್ದಾರೆ ಅಂದ್ರೆ...”

“ನಾನೂ ಮನೆಯವಳೇ ಅಲ್ವಾ ಭಾವ?”

“ಅದೂ ಸರಿ” ಎಂದು ಇವರು ಮಧ್ಯಾಹ್ನದ ನಿದ್ದೆಗೆ ಎದ್ದರು. ‘ಅದೂ ಸರಿ’ ಎನ್ನುವವರು ಜಗತ್ತಿನ ಯಾವ ಸರ್ವಾಧಿಕಾರಿಗೂ ತೊಂದರೆ ಕೊಟ್ಟವರಲ್ಲ. ಇವರು ಇದನ್ನು ಓದುತ್ತಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಯಶೋದಳನ್ನು ಹಾಗೇ ಬಸ್ ಹತ್ತಿಸಲು ಮನಸ್ಸಾಗಲಿಲ್ಲ. “ಕಾಫಿ ಕುಡಿದು ಹೋಗು, ಇರು” ಎಂದೆ. ಅತ್ತೆ “ಸಿನಿಮಾ ಹಾಕು” ಎಂದರು. ಹಾಕಿದೆ. ಆಯ್ಕೆ ಮಾಡಿ ಹಾಕಿದ್ದಲ್ಲ. ಸಾಲಿನಲ್ಲಿ ಅದೇ ಮುಂದಿತ್ತು.

ಹಾಗಾಗಿ ಆ ಗೇಟು, ಆ ಸ್ವೆಟರ್‌ಗಳು, ಹಾರವಿಲ್ಲದ ಆ ಫೋಟೊಗಳು.

ಪಾಜ್ ತೆಗೆದೆ. ಮುಂದಿನ ದೃಶ್ಯದಲ್ಲಿ ಆ ಸಾಲಿನ ಒಬ್ಬ ಹೆಂಗಸನ್ನು ಒಳಗೆ ಕರೆಯುತ್ತಾರೆ. ಎಲ್ಲರಿಗಿಂತ ಕುಳ್ಳಿ. ಚಪ್ಪಲಿಯ ಒಂದು ಪಟ್ಟಿಗೆ ದಾರ ಸುತ್ತಿದ್ದಾಳೆ. ಒಳಗೆ ತಂಪಾದ ಕೋಣೆ, ಮೇಜು, ಒಬ್ಬ ಅಧಿಕಾರಿ. ಬಹಳ ಮರ್ಯಾದಸ್ಥ. (ಈ ಸಲ ನನ್ನ ಕನ್ನಡ ಸರಿಯಾಗೇ ಹೊಂದಿತು.) ಅವಳಿಗೆ ಕುರ್ಚಿ ಕೊಡುತ್ತಾನೆ, ನೀರು ಕೊಡುತ್ತಾನೆ. ನಿಮ್ಮ ಮಗ ತೀರಿಕೊಂಡಿದ್ದಾನೆಂದು ಒಪ್ಪಿ ಇಲ್ಲೊಂದು ಸಹಿ ಹಾಕಿ ಎನ್ನುತ್ತಾನೆ.

“ನೀವೊಂದು ಸಹಿ ಹಾಕಿದ್ರೆ ಎಲ್ಲರಿಗೂ ನೆಮ್ಮದಿ” ಎಂದು ಓದಿದೆ.

ಆ ಹೆಂಗಸು ನೀರು ಮುಟ್ಟುವುದಿಲ್ಲ. ಲೋಟದ ಕೆಳಗೆ ಮೇಜಿನ ಮೇಲೆ ಮೂಡಿದ ಒದ್ದೆ ಉಂಗುರವನ್ನೇ ನೋಡುತ್ತಾಳೆ. ಆಮೇಲೆ ಹೇಳುತ್ತಾಳೆ.

“ಎಲ್ಲಿ ಸತ್ತ? ಯಾವತ್ತು? ಯಾರು ನೋಡಿದ್ರು? ಮೊದಲು ಅದನ್ನ ಬರೀರಿ. ಆಮೇಲೆ ನಾನು ಅಳ್ತೀನಿ.”

ಓದುತ್ತಾ ನನ್ನ ದನಿ ತಗ್ಗಿತು. ಕೊನೆಯ ಬೆಂಚಿಗಿರಲಿ, ದಿವಾನದ ತುದಿಗೂ ಕೇಳಿಸಿತೋ ಇಲ್ಲವೋ.

“ಅಕ್ಕ, ಹಿಂದಕ್ಕೆ ಹೋಗಿ. ಅವಳು ಹೇಳಿದ್ದು ಇನ್ನೊಂದ್ಸಲ” ಎಂದಳು ಯಶೋದ.

ಮತ್ತೆ ಓದಿದೆ. ಯಶೋದ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಕೆನೆ ಕಟ್ಟಿ ಆರಿಹೋಗಿತ್ತು.

ಸಿನಿಮಾ ಮುಗಿಯಿತು. ಗೇಟು ತೆರೆಯಲಿಲ್ಲ. ಮಾರನೆಯ ಬೆಳಗ್ಗೆ ಆ ಹೆಂಗಸರು ಮತ್ತೆ ಬಂದು ನಿಲ್ಲುತ್ತಾರೆ, ಅಲ್ಲಿಗೆ ಶುಭಂ.

“ಇಷ್ಟೇನಾ?” ಅತ್ತೆಗೆ ನಿರಾಸೆ. “ಆ ಮಿಲಿಟರಿಯವನಿಗೆ ಏನೂ ಆಗಲೇ ಇಲ್ಲ.”

“ಅವರು ಮಾರನೆ ದಿನಾನೂ ಬಂದ್ರಲ್ಲ ದೊಡ್ಡತ್ತೆ” ಎಂದು ಯಶೋದ ಬ್ಯಾಗು ಹೆಗಲಿಗೆ ಹಾಕಿಕೊಂಡಳು.

ಅಮಾವಾಸ್ಯೆಯ ದಿನ ನಾವೆಲ್ಲ ಅಮೃತೂರಿಗೆ ಹೋದೆವು. ಅತ್ತೆ, ನಾನು, ಇವರು. ಹಿರಿಯರ ಎಡೆಗೆ ಪ್ರತಿವರ್ಷ ಹೋಗುವುದೇ. ಕಾರಿನಲ್ಲಿ ಇವರು ದಾರಿಯುದ್ದಕ್ಕೂ ಹಂಪ್‌ಗಳನ್ನು ಬೈದುಕೊಂಡರು.

ನಡುಮನೆಯಲ್ಲಿ ಹಲಗೆಯ ಮೇಲೆ ಬಿಳಿ ಪಂಚೆ ಹಾಸಿ ಫೋಟೊಗಳನ್ನು ಜೋಡಿಸಿದ್ದರು. ಅಜ್ಜ, ಅಜ್ಜಿ, ನಮ್ಮ ಮಾವ, ಕುಮಾರನ ಅಪ್ಪ. ಮುಂದೆ ಬಾಳೆ ಎಲೆಗಳು. ಅಜ್ಜಿಯ ಎಲೆಯ ಪಕ್ಕ ವೀಳ್ಯದೆಲೆ, ಅಜ್ಜನ ಪಕ್ಕ ಬೀಡಿ ಕಟ್ಟು, ಕುಮಾರನ ಅಪ್ಪನಿಗೆ ಖಾರದ ಬೂಂದಿ. ಸತ್ತ ಮೇಲೂ ನಾಲಿಗೆಯ ರುಚಿಯನ್ನು ಮರೆಯದೆ ಇಡುವ ಈ ಪದ್ಧತಿ ನನಗೆ ಬಹಳ ಇಷ್ಟ. ಇವತ್ತಿಗೂ.

ಸಾಲಿನ ಕೊನೆಯಲ್ಲಿ ಇನ್ನೊಂದು ಎಲೆ. ಅದರ ಪಕ್ಕ ಹೊಸ ಬಿಳಿ ಅಂಗಿ. ಕಾಲರಿನ ರಟ್ಟು, ಪಿನ್ನು ಇನ್ನೂ ತೆಗೆದಿಲ್ಲ. ತಟ್ಟೆಯಲ್ಲಿ ಸೇವಂತಿಗೆ ಹಾರ.

ಕುಮಾರ ನ್ಯೂಸ್‌ಪೇಪರ್ ಬಿಚ್ಚಿ ಫ್ರೇಮ್ ಹಾಕಿಸಿದ ಫೋಟೊ ಹೊರತೆಗೆದ. ಶಿವಣ್ಣ. ಯಾರದೋ ಮದುವೆಯಲ್ಲಿ ತೆಗೆದದ್ದನ್ನು ದೊಡ್ಡದು ಮಾಡಿಸಿದ್ದ. ಭುಜದ ಮೇಲೆ ಪಕ್ಕದವರ ಕೈಯ ನಾಲ್ಕು ಬೆರಳು ಉಳಿದುಕೊಂಡಿದ್ದವು. ಅದು ಯಶೋದಳ ಕೈ ಎಂದು ಉಂಗುರದಿಂದ ಗೊತ್ತಾಯಿತು. ಫೋಟೊದ ಕೆಳಗೆ ಬಂಗಾರದ ಬಣ್ಣದ ಅಕ್ಷರ. ಹೆಸರು. ಜನನ, ಒಂದು ತಾರೀಖು. ಮರಣ, ಇನ್ನೊಂದು ತಾರೀಖು.

ಯಶೋದ ಅಡುಗೆಮನೆಯಿಂದ ಬಂದವಳು ಬಾಗಿ ಓದಿದಳು.

“ಕುಮಾರ, ಈ ತಾರೀಖು ಯಾರು ಕೊಟ್ಟಿದ್ದು?”

“ಫ್ರೇಮ್ ಅಂಗಡಿಯವನು ಕೇಳ್ದ ಅತ್ತಿಗೆ. ಜನನ ಹಾಕಿದ್ಮೇಲೆ ಮರಣನೂ ಹಾಕ್ಬೇಕು, ಇಲ್ದಿದ್ರೆ ಚೆನ್ನಾಗಿ ಕಾಣಕಿಲ್ಲ ಅಂದ. ಅಣ್ಣ ಮನೆ ಬಿಟ್ಟಿದ್ದ ದಿನನೇ ಹಾಕಿಸ್ದೆ. ಇನ್ಯಾವುದು ಹಾಕಿಸ್ಲಿ?”

“ಅವತ್ತು ನಿಮ್ಮಣ್ಣ ರೊಟ್ಟಿ ತಿಂದು, ಚಟ್ನಿಗೆ ಉಪ್ಪು ಕಮ್ಮಿ ಅಂತ ನನ್ನ ಬೈದು ಗಾಡಿ ಹತ್ತಿದ್ರು. ಅವತ್ತು ಅವರು ಬದುಕಿದ್ರು. ಅದನ್ನ ನಾನು ನೋಡಿದೀನಿ. ಸತ್ತಿದ್ದನ್ನ ನೀನು ನೋಡಿದ್ಯಾ? ಎಲ್ಲಿ?”

ಕುಮಾರ ಫ್ರೇಮಿನ ಗಾಜನ್ನು ಅಂಗೈಯಿಂದ ಒರೆಸಿದ. ಅವನ ಸೋದರಮಾವ, ದೊಡ್ಡ ಮೀಸೆಯ ಹಿರಿಯರು, ಗೋಡೆಗೆ ಒರಗಿದ್ದಲ್ಲಿಂದಲೇ ಹೇಳಿದರು.

“ಹೆಣ್ಮಕ್ಕಳು ಇಷ್ಟು ಹಟ ಮಾಡಬಾರ್ದು ಕಣವ್ವ. ಏಳು ವರ್ಷ ಸುದ್ದಿ ಇಲ್ಲ ಅಂದ್ರೆ ಕೋರ್ಟೇ ಒಪ್ಕಂಡ್ಬುಡ್ತದೆ. ನಿಂದೇನು?”

“ಕೋರ್ಟು ಒಪ್ಕಂಡಿದ್ರೆ ಕೋರ್ಟೇ ಬಂದು ಎಡೆ ಇಡ್ಲಿ ಬುಡಿ ಮಾವ.”

ಬಾಗಿಲಲ್ಲಿ ನಿಂತಿದ್ದ ಹೆಂಗಸರಲ್ಲಿ ಯಾರೋ ನಕ್ಕು, ಕೆಮ್ಮಿದ ಹಾಗೆ ಮಾಡಿದರು.

ಆಗ ಕುಮಾರ ಮಾತಾಡಿದ. ಗದರಲಿಲ್ಲ. ಗದರಿದ್ದರೆ ಸುಲಭವಾಗುತ್ತಿತ್ತು.

“ಅತ್ತಿಗೆ, ನನಗೇನು ಆಸೆನಾ? ಯಾವ ಬಸ್ಸಲ್ಲಿ ಬಿಳಿ ಅಂಗಿ ಕಂಡ್ರೂ ಮುಂದಕ್ಕೆ ಹೋಗಿ ಮುಖ ನೋಡ್ತೀನಿ. ಕಾಲುವೆಲಿ ನೀರು ಬಿಟ್ಟವ್ರೆ ಅಂದ್ರೆ ಇವತ್ತಿಗೂ ಆ ಕಡೆ ಹೋಗಲ್ಲ. ಸಾಕಾಗೋಯ್ತು ನಂಗೂ. ಮಗಳ ಮದುವೆ. ನೆಂಟ್ರು ನಿಮ್ಮನ್ನ ಒಂಥರಾ ನೋಡ್ತಾರೆ, ಅದು ನನ್ ಕೈಲಿ ನೋಡಕ್ಕಾಗಲ್ಲ. ನೀವೊಂದು ಹೂಂ ಅನ್ನಿ. ಎಲ್ಲರಿಗೂ ನೆಮ್ಮದಿ.”

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಮುಖ ನೋಡಿದರು. ಆ ಸಿನಿಮಾ ಕುಮಾರ ನೋಡಿಲ್ಲ. ನೋಡಿದ್ದರೂ ಆ ಮಾತನ್ನು ಕದಿಯುವ ಬುದ್ಧಿ ಅವನಿಗಿಲ್ಲ. ಆದರೂ ‘ಎಲ್ಲರಿಗೂ ನೆಮ್ಮದಿ’, ಅಕ್ಷರಶಃ ಅದೇ ಮಾತು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಕುಮಾರ ಜನರಲ್ ಅಲ್ಲ. ಶಿವಣ್ಣನನ್ನು ಯಾವ ಸೈನ್ಯವೂ ಜೀಪಿನಲ್ಲಿ ಹಾಕಿಕೊಂಡು ಹೋಗಲಿಲ್ಲ. ಆ ದೇಶಗಳಲ್ಲಿ ಉತ್ತರ ಗೊತ್ತಿದ್ದವರು ಗೇಟಿನ ಒಳಗೆ ಕಾಫಿ ಕುಡಿಯುತ್ತಾ ಕೂತಿದ್ದರು. ಇಲ್ಲಿ ಉತ್ತರ ಯಾರಿಗೂ ಗೊತ್ತಿಲ್ಲ, ಕಾಲುವೆಗೆ ಗೊತ್ತಿದ್ದರೆ ಗೊತ್ತು. ಅವರ ಕಣ್ಣೀರನ್ನು ತಂದು ನಮ್ಮ ಮನೆಯ ಜಗಳಕ್ಕೆ ಬೆರೆಸಿದರೆ ಆ ಹೆಂಗಸರಿಗೆ ಅವಮಾನ. ಅಷ್ಟು ನನಗೂ ಗೊತ್ತು.

ಆದರೆ ಒಂದನ್ನು ಆ ಸಿನಿಮಾಗಳು ನನಗೆ ಕಲಿಸಿವೆ. ಅಧಿಕಾರ ಯಾವಾಗಲೂ ಬೂಟು ಹಾಕಿಕೊಂಡೇ ಬರಬೇಕೆಂದಿಲ್ಲ. ‘ಎಲ್ಲರ ನೆಮ್ಮದಿ’ ಎನ್ನುವ ಮೆತ್ತನೆಯ ಚಪ್ಪಲಿ ಹಾಕಿಕೊಂಡೂ ಬರುತ್ತದೆ. ಆ ಎಲ್ಲರಲ್ಲಿ ಒಬ್ಬಳು ಸೇರಿರುವುದಿಲ್ಲ, ಅಷ್ಟೇ. ಅವಳಿಗೆ ಗೊತ್ತಿಲ್ಲದ ತಾರೀಖನ್ನು ಬೇರೆಯವರು ಬಂಗಾರದ ಅಕ್ಷರದಲ್ಲಿ ತುಂಬುತ್ತಾರೆ. ಅವಳು ಕೈ ಮುಗಿಯಬೇಕು.

“ಸುಮತ್ತಿಗೆ, ನೀವು ಓದಿದವರು. ನೀವಾದ್ರೂ ಹೇಳಿ ಅತ್ತಿಗೆಗೆ” ಎಂದ ಕುಮಾರ.

ಎಲ್ಲರೂ ನನ್ನ ಕಡೆ ತಿರುಗಿದರು. ಇಂಥ ಹೊತ್ತಿನಲ್ಲಿ ನನಗೆ ಬೇಡದ ಸಣ್ಣ ವಿಷಯಗಳೆಲ್ಲ ಕಾಣಿಸುತ್ತವೆ. ಕರ್ಪೂರದ ಡಬ್ಬಿಯ ಮುಚ್ಚಳ ಬೇರೆ ಡಬ್ಬಿಯದು. ಸೋದರಮಾವನವರ ವಾಚು ನಿಂತುಹೋಗಿದೆ. ಪಾಯಸದ ಮೇಲೊಂದು ಇರುವೆ. ಇವರು ನನ್ನತ್ತ ನೋಡಿ ಮೆಲ್ಲನೆ ತಲೆಯಾಡಿಸಿದರು. ‘ಬೇಡ’ ಎಂದು.

“ಆ ತಾರೀಖು ಸುಳ್ಳು ಕುಮಾರ” ಎಂದೆ. “ನೀನು ಸುಳ್ಳ ಅಂತ ನಾನು ಹೇಳ್ತಿಲ್ಲ. ನಿನ್ನ ಸಂಕಟ ನಿಜ. ಆದ್ರೆ ಆ ತಾರೀಖು ಸುಳ್ಳು. ಅದರ ಮುಂದೆ ನಾನು ಕೈ ಮುಗಿಯಲ್ಲ. ಯಶೋದ ಮುಗೀತೀನಿ ಅಂದ್ರೆ ಅದು ಅವಳಿಷ್ಟ. ಅವಳಿಗೆ ಹೇಳಿಕೊಡೋದಕ್ಕೆ ನನ್ನ ಹತ್ರ ಏನೂ ಇಲ್ಲ.”

ಇಷ್ಟೇ ಹೇಳಿದ್ದು. ಬೆವರಿಗೆ ರವಿಕೆ ಬೆನ್ನಿಗೆ ಅಂಟಿತ್ತು. ಮದುವೆಯಾಗಿ ಬಂದಾಗಿನಿಂದ ಆ ನಡುಮನೆಯಲ್ಲಿ ಗಂಡಸರೆದುರು ನಾನು ಆಡಿದ ಅತಿ ಉದ್ದದ ಮಾತು ಅದು. ಅದಕ್ಕೆ ಮೊದಲಿನ ದಾಖಲೆ “ಸಾರು ಬಡಿಸಲಾ?”

ಅತ್ತೆ ಮೊಣಕಾಲಿಗೆ ಕೈಕೊಟ್ಟು ಎದ್ದರು. ಆ ಮನೆಯಲ್ಲಿ ಈಗ ಅವರೇ ಎಲ್ಲರಿಗಿಂತ ದೊಡ್ಡವರು.

“ಕುಮಾರ, ನಿಮ್ಮಪ್ಪ ಬದುಕಿದ್ದಾಗ್ಲೇ ಹಸಿವು ತಡೀತಿರ್ಲಿಲ್ಲ. ಮೊದ್ಲು ಅವನಿಗೆ ಎಡೆ ಇಡು. ಶಿವಣ್ಣನ ಎಲೆ ಎತ್ತು.”

“ದೊಡ್ಡವ್ವ, ಅಂಗಲ್ಲ...”

“ಎಂಗೂ ಅಲ್ಲ. ಅವನು ಸತ್ತೋಗಿದ್ರೆ ಇನ್ನೊಂದು ವರ್ಷ ಕಾಯ್ತಾನೆ, ಸತ್ತವ್ರಿಗೇನು ಅವಸರ? ಬದುಕಿದ್ದು ನಾಳೆ ಬಂದು ನಿಂತ್ಕಂಡ್ರೆ ನಿಂಗೆ ಒದೀತಾನೆ. ಆವಾಗ ನಾನು ಬಿಡಿಸಕ್ಕೆ ಬರಲ್ಲ.”

ಕುಮಾರನಿಗೆ ನಗು ಬಂತೋ ಅಳು ಬಂತೋ. ಕತ್ತು ಬಗ್ಗಿಸಿ ಎಲೆ ಮಡಿಸಿದ. ಸೋದರಮಾವನವರು “ಹೆಂಗಸ್ರ ರಾಜ್ಯ ಆಗೋಯ್ತು” ಎಂದು ಹೊರಗೆ ಜಗಲಿಗೆ ಹೋದರು. ಊಟಕ್ಕೆ ಕರೆದಾಗ ಮೊದಲ ಪಂಕ್ತಿಗೇ ಬಂದರು ಎನ್ನುವುದನ್ನೂ ಹೇಳಬೇಕು.

ಯಶೋದ ಏನು ಮಾಡಿದಳು? ಅಳಲಿಲ್ಲ. ಫೋಟೊ ಎತ್ತಿಕೊಂಡಳು. ನೆಲದ ಮೇಲೆ ಬಿದ್ದಿದ್ದ ನ್ಯೂಸ್‌ಪೇಪರಿನಲ್ಲೇ ಮತ್ತೆ ಸುತ್ತಿದಳು. ಬಿಳಿ ಅಂಗಿಯ ಕಾಲರ್ ತಿರುಗಿಸಿ ನೋಡಿದಳು.

“ನಲವತ್ತು ತಂದಿದೀಯ. ನಿಮ್ಮಣ್ಣನದು ನಲವತ್ತೆರಡು. ಇದು ನಿನ್ನ ಸೈಜು. ಮಗಳ ಮದುವೆಗೆ ಹಾಕ್ಕೋ” ಎಂದು ಅಂಗಿಯನ್ನು ಕುಮಾರನ ಕೈಗೆ ಕೊಟ್ಟಳು.

ಅವನು ಕಾಲರಿನ ಪಿನ್ನುಗಳನ್ನು ಒಂದೊಂದಾಗಿ ತೆಗೆಯತೊಡಗಿದ.

ವಾಪಸ್ಸು ಬರುವಾಗ ಯಶೋದ ನಮ್ಮ ಜೊತೆ ಕುಣಿಗಲ್‌ವರೆಗೆ ಬಂದಳು. ಫ್ರೇಮ್ ಅಂಗಡಿಗೆ. ಪಿತೃಪಕ್ಷ ಅವರಿಗೆ ಸೀಸನ್. ಗೋಡೆಯ ತುಂಬ ಅಜ್ಜಂದಿರು. ಅಂಗಡಿಯವನು ನ್ಯೂಸ್‌ಪೇಪರ್ ಬಿಚ್ಚಿ ನೋಡಿದ.

“ತಾರೀಖು ತಪ್ಪಾಗಿದೆಯಾ ಮೇಡಂ? ಅಳಿಸಿದ್ರೆ ಗುರುತು ಉಳಿಯುತ್ತೆ. ಹೊಸದಾಗಿ ಪ್ರಿಂಟ್ ತೆಗೀಬೇಕು. ಮರಣ ಯಾವತ್ತು ಹಾಕ್ಲಿ?”

“ಮರಣ ಬೇಡ.”

“ಬರೀ ಜನನ ಹಾಕಿದ್ರೆ ಒಂದು ಕಡೆ ಖಾಲಿ ಕಾಣುತ್ತೆ.”

“ಹಾಗಾದ್ರೆ ಅದೂ ಬೇಡ. ಹೆಸರು ಸಾಕು.”

ಅವನಿಗೆ ಅರ್ಥವಾಗಲಿಲ್ಲ. ಆದರೂ ಬರೆದುಕೊಂಡ. ಒಳ್ಳೆಯ ಮನುಷ್ಯ. ಡ್ರಾಯರ್ ಎಳೆದು ಗಂಧದ ಚಕ್ಕೆಯ ಹಾರ ತೆಗೆದ.

“ಈ ಸೈಜಿಗೆ ಹಾರ ಫ್ರೀ ಮೇಡಂ. ತಗೊಂಡೋಗಿ, ಬಾಡಲ್ಲ.”

“ಇಟ್ಕೊಳ್ಳಿ. ಬೇರೆಯವ್ರಿಗೆ ಬೇಕಾಗುತ್ತೆ” ಎಂದಳು ಯಶೋದ.

ಅಂಗಡಿಯ ಹೊರಗೆ ಇವರು ಕಾರಿಗೆ ಒರಗಿ ನಿಂತಿದ್ದರು. ಅಮೃತೂರಿನಿಂದ ಅಲ್ಲಿಯವರೆಗೆ ನನ್ನ ಜೊತೆ ಮಾತಾಡಿರಲಿಲ್ಲ. ಯಶೋದ ಬರುತ್ತಿದ್ದಂತೆ ಮುಂದಿನ ಸೀಟಿನಲ್ಲಿದ್ದ ತಮ್ಮ ಟವೆಲ್ಲು, ನೀರಿನ ಬಾಟಲಿ ತೆಗೆದು ಜಾಗ ಮಾಡಿದರು. “ಬಸ್ಸಿಗ್ಯಾಕೆ ಕಾಯ್ತೀಯ? ಊರಿಗೆ ಬಿಟ್ಟು ಬರ್ತೀನಿ ಹತ್ತು” ಎಂದರು. ಮತ್ತೆ ಅಷ್ಟೂ ದೂರ, ಅದೇ ಹಂಪ್‌ಗಳ ಮೇಲೆ. ‘ಅದೂ ಸರಿ’ ಎನ್ನುವವರ ಕ್ಷಮಾಪಣೆ ಹೀಗೇ ಇರುತ್ತದೆ. ಸಿಕ್ಕಿದ್ದನ್ನು ತೆಗೆದುಕೊಳ್ಳಬೇಕು.

ಗೆದ್ದೆವೇ? ಇಲ್ಲ. ಶಿವಣ್ಣ ಬಂದಿಲ್ಲ. ಬರುತ್ತಾನೆಂದು ನನಗೆ ನಂಬಿಕೆಯೂ ಇಲ್ಲ, ಇದನ್ನು ಯಶೋದಳಿಗೂ ಹೇಳಿದ್ದೇನೆ. “ನನಗೂ ಒಂದೊಂದು ದಿನ ಇರಲ್ಲ ಅಕ್ಕ” ಎಂದಳು. “ಆದ್ರೆ ಇಲ್ಲ ಅನ್ನೋದನ್ನ ನಾನೇ ಹೇಳ್ಬೇಕು. ನಂಗೆ ಗೊತ್ತಾದ ದಿನ.” ಮುಂದಿನ ವರ್ಷ ಪಿತೃಪಕ್ಷ ಮತ್ತೆ ಬರುತ್ತದೆ. ಕುಮಾರ ಮತ್ತೆ ಕೇಳಬಹುದು. ಅವಳು ಮತ್ತೆ ನಿಲ್ಲಬೇಕಾಗಬಹುದು. ಇಂಥ ಹೋರಾಟಕ್ಕೆ ಕ್ಲೈಮ್ಯಾಕ್ಸ್ ಇರುವುದಿಲ್ಲ.

ಸದ್ಯಕ್ಕೆ ಮುಂದಿರುವುದು ಗುಬ್ಬಿಯ ಮದುವೆ. ಫೋಟೊ ಸಾಲಿಗೆ ಹೋಗಲಿಲ್ಲ, ಸರಿ. ಆದರೆ ಛತ್ರದಲ್ಲಿ ನೂರಾರು ನೆಂಟರು, ಹೆಣ್ಣಿನ ದೊಡ್ಡಮ್ಮನಾಗಿ ಯಶೋದ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಯಾರೋ ಅರಿಶಿನ ಕುಂಕುಮ ಹಿಡಿದು ಬರುತ್ತಾರೆ. ಅವಳ ಮುಂದೆ ಆ ಅರೆಕ್ಷಣ ಮತ್ತೆ ಬಂದೇ ಬರುತ್ತದೆ. ಅದನ್ನು ಯಾವ ಅಮಾವಾಸ್ಯೆಯ ಜಗಳವೂ ತಪ್ಪಿಸುವುದಿಲ್ಲ.

ನಿನ್ನೆ ಕುಮಾರನಿಗೆ ಫೋನ್ ಮಾಡಿದೆ. ಮದುವೆಯಲ್ಲಿ ನನಗೊಂದು ಕೆಲಸ ಬೇಕು ಎಂದೆ.

“ನೀವ್ಯಾಕೆ ಕೆಲಸ ಮಾಡ್ತೀರ ಸುಮತ್ತಿಗೆ, ಕಾಲು ಬೇರೆ ನೋವು. ಬಂದು ಕೂತ್ಕೊಳ್ಳಿ” ಎಂದ.

“ಕುಂಕುಮದ ತಟ್ಟೆ ನಾನು ಹಿಡೀತೀನಿ” ಎಂದೆ.

ಆ ಕಡೆ ಅವನ ಮನೆಯ ಕುಕ್ಕರ್ ಕೂಗಿ ನಿಂತಿತು.

“ಆಯ್ತು ಅತ್ತಿಗೆ. ನೀವೇ ಹಿಡೀರಿ.”

ಯಶೋದಳ ಮುಂದೆ ತಟ್ಟೆಗೆ ಅನುಮಾನ ಬಂದರೆ ಬರಲಿ, ಹಿಡಿದ ಕೈ ನನ್ನದಲ್ಲವೇ?